ವಿದ್ಯಾರ್ಥಿವೇತನದಲ್ಲಿ ಕುಟುಂಬಗಣನೆ

ಸಾಲೋಟಗಿಯ ಕ್ರಿ.ಶ. 945ರ ಶಾಸನದಲ್ಲಿ ಭೂದಾನವು ಶಾಲೆಗೆ ಸಂದಿತು. ವಿದ್ಯಾರ್ಥಿಗಳ ಯೋಗಕ್ಷೇಮವು ಅದರಿಂದ ನಡೆಯತಕ್ಕುದಾಗಿದ್ದಿತು. ಈಗಿನ ನೆರವಾದರೋ ವಿದ್ಯಾರ್ಥಿಗೇ ಸಲ್ಲುವುದರಿಂದ ಅವನ ಮನೆಯ ಆದಾಯವನ್ನು ಅಳೆಯುವುದು ಅನಿವಾರ್ಯವಾಗಿದೆ. ಆ ಅಳತೆಯ ಕ್ರಮವೇ ವಿಚಾರಾರ್ಹವಾದುದು.

ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವೇತನಕ್ಕೆ ತಂದೆತಾಯಿಗಳ ವಾರ್ಷಿಕಾದಾಯವು 2,50,000 ರೂಪಾಯಿಗಳನ್ನು ಮೀರಕೂಡದೆಂದು ಕೇಂದ್ರಸರಕಾರದ 2021ರ ನಿಯಮವು ವಿಧಿಸಿತು. ತಲಘಟ್ಟಪುರದಲ್ಲಿ ಅಂತಹ ಎರಡು ಮನೆಗಳನ್ನು ಕಲ್ಪಿಸಬಹುದು. ಒಂದರಲ್ಲಿ ಏಕಪುತ್ರನೊಡನೆ ಮೂವರು, ಆದಾಯ 2,40,000, ತಲೆಯೊಂದಕ್ಕೆ 80,000. ಇನ್ನೊಂದರಲ್ಲಿ ಐವರು ಮಕ್ಕಳೊಡನೆ ಏಳು ಮಂದಿ, ಆದಾಯ 2,59,000; ತಲೆಯೊಂದಕ್ಕೆ 37,000. ನೆರವು ಮೊದಲನೆಯ ಮನೆಗೆ! ಎರಡನೆಯ ಮನೆಯವರು, ಮೂವರು ಮಕ್ಕಳು ಏಕಕಾಲದಲ್ಲಿ ಕಾಲೇಜಿನಲ್ಲಿದ್ದರೂ, 9,000 ರೂಪಾಯಿಗಳ ಆಧಿಕ್ಯದಿಂದ ಹೊರಗುಳಿಯುವರು. ಉಣ್ಣುವವರನ್ನು ಎಣಿಸದೆ ಆಯವನ್ನು ಮಾತ್ರ ಎಣಿಸುವುದು ಅರ್ಧಗಣಿತವೇ ಸರಿ.

ಅಮೆರಿಕ ದೇಶದ ಕ್ರಮದಲ್ಲಿ ಕುಟುಂಬದ ಜನಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಕಾಲೇಜಿನಲ್ಲಿರುವ ಮಕ್ಕಳ ಸಂಖ್ಯೆಯಿಂದ ಭಾಗಿಸುವ ಪದ್ಧತಿಯನ್ನು ಅಲ್ಲಿಯೂ 2024–25ರಿಂದ ಕೈಬಿಡಲಾಯಿತು.

ಆ ಎರಡನೆಯ ಮನೆಗೆ ಉಳಿಯುವುದು ಮುಖ್ಯವಾಗಿ ಸಾಲದ ಮಾರ್ಗ. 2024ರ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯು ಬಡ್ಡಿಯ ರಿಯಾಯಿತಿಗೆ 8,00,000 ರೂಪಾಯಿಗಳ ಆದಾಯಮಿತಿಯನ್ನು ಇಟ್ಟಿತು. ತಲೆಯೆಣಿಕೆ ಅಲ್ಲಿಯೂ ಇಲ್ಲ.