ಪಡುಗಡಲ ದಂಡೆಯಲ್ಲಿ ನಾಲ್ಕು ದಿನ

“ಸೊಕ್ಕಿದ್ದವನು ಯಾಣಕ್ಕೆ, ರೊಕ್ಕವಿದ್ದವನು ಗೋಕರ್ಣಕ್ಕೆ” ಎಂಬ ಗಾದೆಯು ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಯಾಣದ ಕಾಡುದಾರಿಯನ್ನು ತುಳಿಯಲು ಮೈಯಲ್ಲಿ ಕಸುವು ಬೇಕು. ಗೋಕರ್ಣದಲ್ಲಿ ಕ್ಷೇತ್ರವಿಧಿಗಳನ್ನು ನಡೆಸಲು ಕೈಯಲ್ಲಿ ಕಾಸು ಬೇಕು ಎಂಬುದು ಅದರ ತಾತ್ಪರ್ಯ. ಈ ಗಾದೆಯನ್ನು ನಾವು ಅನೇಕ ವರ್ಷ ತರಗತಿಯಲ್ಲಿ ಪ್ರಾಸಕ್ಕೆ ಉದಾಹರಣೆಯಾಗಿ ಹೇಳಿದ್ದುಂಟು. ಅದರ ನಿಜವಾದ ಅರ್ಥವು ತಿಳಿದದ್ದು ಮಾತ್ರ ಕಳೆದ ಪುಷ್ಯಮಾಸದಲ್ಲಿ.

ಮದುವೆಯಾದ ವರ್ಷ, ಎಂದರೆ 1992ರಲ್ಲಿ, ನಮ್ಮ ಮನೆಯಾಕೆಗೆ ಒಂದು ಮಾತು ಕೊಟ್ಟಿದ್ದೆವು: ಪಡುಗಡಲ ದಂಡೆಯುದ್ದಕ್ಕೂ ಕರೆದೊಯ್ದು ಯಾಣದ ಶಿಖರಗಳನ್ನು ತೋರಿಸುವೆವೆಂದು. ನಮ್ಮ ಊರು ಶಿವಮೊಗ್ಗೆಯ ಸೀಮೆ; ಕಡಲು ಘಟ್ಟದ ಕೆಳಗೇ ಇದೆ. ಆದರೇನು? ಆ ವರ್ಷ ತಂಗಿಯ ವಿವಾಹ. ಮರುವರ್ಷ ಮನೆಯ ಮಾಡು ಸೋರಿತು. ಆ ಮೇಲೆ ಮಕ್ಕಳ ವಿದ್ಯಾಭ್ಯಾಸ, ತೀರ್ಥರೂಪರ ಕಾಯಿಲೆ. ಶಾಲೆಯ ಪ್ರವಾಸದ ನೆವದಿಂದ ನಾವು ಮಾತ್ರ ಮೂರು ಸಲ ಹುಡುಗರೊಡನೆ ಯಾಣಕ್ಕೆ ಹೋಗಿ ಬಂದೆವು. ಬೆಳಗಿನ ಜಾವದಲ್ಲೆದ್ದು ಬುತ್ತಿ ಕಟ್ಟಿಕೊಟ್ಟವಳು ಆಕೆ. ಸಂಜೆ ಬಂದು ವರ್ಣಿಸಿದವರು ನಾವು.

ನಿವೃತ್ತರಾದ ಮೇಲೆ ನಮ್ಮ ಹಳೆಯ ಚಿಕ್ಕ ಕಾರಿನಲ್ಲಿ ಇಬ್ಬರೇ ಹೊರಟೆವು. ಹುಲಿಕಲ್ ಘಾಟಿಯನ್ನಿಳಿದು ಕುಂದಾಪುರವನ್ನು ಸೇರಿ ಉತ್ತರಕ್ಕೆ ತಿರುಗಿದರೆ ಸಿಕ್ಕುವುದೇ ಮರವಂತೆ. ಇಲ್ಲಿ ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ; ನಡುವೆ ಇರುವುದು ರಸ್ತೆಯಷ್ಟೇ ಅಗಲದ ನೆಲವೆಂದರೂ ಸಲ್ಲುವುದು. ಎಡದಲ್ಲಿ ಭೋರ್ಗರೆತ, ಬಲದಲ್ಲಿ ತೆಂಗಿನ ನೆರಳನ್ನು ಹೊತ್ತ ನಿಶ್ಚಲವಾದ ನೀರು. ಆ ನದಿಯು ಕಡಲನ್ನು ಇಷ್ಟು ಸಮೀಪಿಸಿಯೂ ಅಲ್ಲಿ ಕೂಡದೆ ತೆಂಕಣಕ್ಕೆ ಹರಿದು ಗಂಗೊಳ್ಳಿಯ ಬಳಿ ಕೂಡುತ್ತದೆಂದು ನಾವು ಮೇಷ್ಟ್ರ ಧ್ವನಿಯಲ್ಲಿ ವಿವರಿಸಿದೆವು. ಆಕೆ ಬಹಳ ಹೊತ್ತು ನೋಡಿ, “ಪಾಪ, ಇಷ್ಟು ಹತ್ತಿರ ಬಂದೂ ಇನ್ನೂ ಕಾಯಬೇಕಾಯಿತಲ್ಲ!” ಎಂದಳು. ಆ ಮಾತು ನದಿಯನ್ನು ಕುರಿತದ್ದೆಂದೇ ಆಗ ನಾವು ಭಾವಿಸಿದೆವು.

ಮರುದಿನ ಭಟ್ಕಳ, ಮುರುಡೇಶ್ವರಗಳನ್ನು ಹಾದು ಹೊನ್ನಾವರಕ್ಕೆ ಬಂದೆವು. ಜೋಗದಲ್ಲಿ 253 ಮೀಟರು ಧುಮುಕುವ ಶರಾವತಿಯು ಇಲ್ಲಿ ಎಷ್ಟು ಸೌಮ್ಯಳಾಗಿ, ಎಷ್ಟು ವಿಶಾಲಳಾಗಿ ಕಡಲನ್ನು ಸೇರುತ್ತಾಳೆಂಬುದನ್ನು ಕಂಡೇ ತಿಳಿಯಬೇಕು. ಕೊಂಕಣ ರೈಲ್ವೆಯವರು ಅವಳ ಮೇಲೆ ಕಟ್ಟಿದ ಸೇತುವೆಯು ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ್ದು. ಸೇತುವೆಗಳಿಲ್ಲದ ಕಾಲದಲ್ಲಿ ಈ ಕರಾವಳಿಯ ಪಯಣಿಗನು ಪ್ರತಿಯೊಂದು ನದಿಯ ದಡದಲ್ಲಿಯೂ ದೋಣಿಗಾಗಿ ಕಾಯಬೇಕಾಗಿತ್ತು. ಇಂದು ನಾಲ್ಕು ಸಾಲಿನ ಹೆದ್ದಾರಿಯಲ್ಲಿ ನದಿಯ ಹೆಸರನ್ನು ಓದುವಷ್ಟರಲ್ಲಿ ನದಿಯೇ ಹಿಂದಾಗುತ್ತದೆ.

ಆದಕಾರಣ ಮೂರನೆಯ ದಿನ ಹೆದ್ದಾರಿಯನ್ನು ಬಿಟ್ಟೆವು. ಕುಮಟೆಯಿಂದ ಅಘನಾಶಿನಿಯೆಂಬ ಊರಿಗೆ ಹೋಗಿ, ಕಾರನ್ನು ಅಲ್ಲಿಯೇ ನಿಲ್ಲಿಸಿ, ಅದೇ ಹೆಸರಿನ ಹೊಳೆಯನ್ನು ದೋಣಿಯಲ್ಲಿ ದಾಟಿದೆವು. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಸಿರ್ಸಿಯ ಕಡೆ ಹುಟ್ಟಿ ಬರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ಇವಳ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ತ್ವದ ಜೌಗುಭೂಮಿಗಳ ಸಾಲಿಗೆ ಸೇರಿತು. ದಂಡೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಟ್ಟರೆ ಅದು ಮೀನು ಸೀಗಡಿಗಳಿಗೆ ಆಸರೆಯಾಗುತ್ತದೆ.

ನೀರು ಇಳಿದ ಹೊತ್ತು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಹೆಂಗಸರು ಬಳಚನ್ನು, ಎಂದರೆ ಚಿಪ್ಪಿನ ಜೀವಿಗಳನ್ನು, ಆರಿಸುತ್ತಿದ್ದರು. ಮನೆಯಾಕೆ ಅವರಲ್ಲೊಬ್ಬಳನ್ನು, “ಸ್ವಲ್ಪ ಕೂತು ದಣಿವಾರಿಸಿಕೊಳ್ಳಬಾರದೇನಮ್ಮಾ?” ಎಂದು ಕೇಳಿದಳು. “ಭರತ ಬಂದ ಮೇಲೆ ಕೂರುವುದೇ ಅಮ್ಮಾ. ಇಳಿದ ಹೊತ್ತಿನಲ್ಲಿ ಆರಿಸದಿದ್ದರೆ ಹೊಳೆ ಮತ್ತೆ ಕೊಡುವುದಿಲ್ಲ” ಎಂದು ಉತ್ತರ ಬಂತು. ಆಚೆಯ ತದಡಿಯಿಂದ ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಪಡೆದೆವು. ನಿವೃತ್ತಿಯ ಹಣವಿದ್ದುದರಿಂದ ಸೇವೆಗೆ ಕೊರತೆಯಾಗಲಿಲ್ಲ. ಗಾದೆಯ ಅರ್ಧ ಹೀಗೆ ಸುಲಭವಾಗಿ ನೆರವೇರಿತು.

ಉಳಿದರ್ಧಕ್ಕಾಗಿ ನಾಲ್ಕನೆಯ ದಿನ ಯಾಣಕ್ಕೆ ಹೊರಟೆವು. ಕಡಲನ್ನು ಬೆನ್ನಿಗೆ ಹಾಕಿ ಒಳನಾಡಿಗೆ ಹೊಕ್ಕರೆ ಅಡಕೆಯ ತೋಟಗಳು, ಅಲ್ಲೊಂದು ಇಲ್ಲೊಂದು ಮನೆ, ಬಳಿಕ ದಟ್ಟವಾದ ಕಾಡು. ಕಾರಿನ ದಾರಿ ಮುಗಿದಲ್ಲಿಂದ ಕಾಲ್ನಡಿಗೆ, ಅದರ ಕೊನೆಗೆ ಮೆಟ್ಟಿಲುಗಳು. ಮೆಟ್ಟಿಲ ಬುಡದಲ್ಲಿ ಆಕೆ ನಿಂತುಬಿಟ್ಟಳು. ಮೊಣಕಾಲಿನ ನೋವನ್ನು ಮೂರು ದಿನವೂ ನಮ್ಮಿಂದ ಮುಚ್ಚಿಟ್ಟಿದ್ದಳೆಂದು ಆಗ ತಿಳಿಯಿತು.

“ನೀವು ಹೋಗಿ ಬನ್ನಿ. ಬಂದು ಹೇಳಿದರಾಯಿತು, ನನಗೆ ಅಭ್ಯಾಸವಿದೆ” ಎಂದಳು.

ಆ ಮಾತಿನಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ಚೆನ್ನಾಗಿತ್ತು. ನಾವು ಹತ್ತಿಪ್ಪತ್ತು ಮೆಟ್ಟಿಲು ಏರಿದೆವು. ಮೇಲೆ ಭೈರವೇಶ್ವರ ಶಿಖರವಿದೆ. 120 ಮೀಟರು ಎತ್ತರದ ಕಡುಗಪ್ಪು ಶಿಲೆ. ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಶಿವನ ವರದಿಂದ ಸೊಕ್ಕಿದ ಭಸ್ಮಾಸುರನು ಮೋಹಿನಿಯ ನರ್ತನಕ್ಕೆ ಮರುಳಾಗಿ, ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದದ್ದು ಇಲ್ಲಿಯೇ ಎಂದು ಪ್ರತೀತಿ. ಇದೆಲ್ಲವನ್ನೂ ಬಲ್ಲೆವು, ಮೂರು ಸಲ ನೋಡಿದ್ದೆವು. ನಾಲ್ಕನೆಯ ಸಲ ಒಬ್ಬರೇ ನೋಡಿ ಮಾಡುವುದೇನು? ಆಕೆಗೆ ಸೊಕ್ಕಿದ್ದಾಗ ನಮ್ಮಲ್ಲಿ ರೊಕ್ಕವಿರಲಿಲ್ಲ. ರೊಕ್ಕ ಬಂದಾಗ ಸೊಕ್ಕು ಕಳೆದಿತ್ತು. ಆದರೆ ನಡುವೆ ಎರಡೂ ಅಷ್ಟಿಷ್ಟು ಇದ್ದ ವರ್ಷಗಳು ಹಲವು ಇದ್ದುವು. ಬಸ್ಸಿನ ಚೀಟಿಗೆ ಎಷ್ಟು ಮಹಾ ಹಣ ಬೇಕಾಗಿತ್ತು! ಕೊರತೆ ಹಣದ್ದಲ್ಲ, ಮನಸ್ಸಿನದು, ನಮ್ಮ ಮನಸ್ಸಿನದು.

ಇಳಿದು ಬಂದು ಕೈ ಹಿಡಿದೆವು. “ಮೇಷ್ಟ್ರು ಪಾಠವನ್ನು ಅರ್ಧಕ್ಕೇ ನಿಲ್ಲಿಸಿದಿರೇನು?” ಎಂದು ನಕ್ಕಳು. ಐದು ಮೆಟ್ಟಿಲು ಏರುವುದು, ಕೂರುವುದು. ಮತ್ತೆ ಐದು ಮೆಟ್ಟಿಲು. ಹೀಗೆ ಒಂದು ತಾಸು ಕಳೆದ ಮೇಲೆ ಮರಗಳ ನಡುವೆ ಶಿಖರವು ಬುಡದಿಂದ ತುದಿಯವರೆಗೆ ಕಾಣಿಸಿತು. ಅಲ್ಲಿಂದ ಮುಂದೆ ಆಕೆಯಿಂದಾಗಲಿಲ್ಲ. ಗುಹೆಯನ್ನು ಹೊಕ್ಕು, ಲಿಂಗದ ಮೇಲೆ ನೀರು ತೊಟ್ಟಿಕ್ಕುವುದನ್ನು ನೋಡುವ ಭಾಗ್ಯವು ಆಕೆಗೆ ಒದಗಲಿಲ್ಲ, ಇನ್ನು ಒದಗಲಾರದು. ಇದನ್ನು ಮರೆಮಾಚುವುದು ಸರಿಯಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಕರಾವಳಿಯನ್ನು ನೋಡುವವರು ಮಳೆ ನಿಂತ ಮೇಲೆ, ಬೇಸಗೆಯ ಸೆಕೆ ಏರುವ ಮೊದಲು ಹೊರಡಿರಿ. ದಿನಕ್ಕೊಂದು ನದಿಯನ್ನಾದರೂ ಇಳಿದು ನಿಂತು ನೋಡಿರಿ. ಒಂದನ್ನಾದರೂ ದೋಣಿಯಲ್ಲಿ ದಾಟಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸೊಕ್ಕೂ ರೊಕ್ಕವೂ ಜೊತೆಗೂಡಿ ಬಾಗಿಲಿಗೆ ಬರಲೆಂದು ಕಾಯುತ್ತ ಕುಳಿತಿರಬೇಡಿರಿ.

ಘಟ್ಟವೇರಿ ಮನೆಗೆ ಮರಳಿ ತಿಂಗಳಾಯಿತು. ಸಂಜೆ ಜಗಲಿಯಲ್ಲಿ ನೆರೆಹೊರೆಯವರು ಸೇರಿದಾಗ ಯಾಣದ ವರ್ಣನೆ ಈಗಲೂ ನಡೆಯುತ್ತದೆ. ಹೇಳುವವಳು ಆಕೆ, ಕೇಳುವವರು ನಾವು.