ಇಳಿವಯಸ್ಸಿನ ಸಾಂಗತ್ಯ ಮತ್ತು 'ಉಚಿತ' ಜಾಲತಾಣಗಳು



1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಯು ಎಳೆಯ ವಿಧವೆಯೊಬ್ಬಳ ಮರುವಿವಾಹವನ್ನು ಎತ್ತಿಹಿಡಿಯಿತು. ಅದೇ ಕರಾವಳಿಯಿಂದ ಬಹರೈನಿಗೆ ಬಂದ ನಮ್ಮಲ್ಲಿ ಅನೇಕರ ಮುಂದೆ ಇಂದು ಆ ಪ್ರಶ್ನೆಯ ಇನ್ನೊಂದು ರೂಪವಿದೆ. ಎಳೆಯರ ಮರುವಿವಾಹವನ್ನು ನಾವು ಒಪ್ಪಿಕೊಂಡಿದ್ದೇವೆ. ಊರಿನಲ್ಲಿ ಒಂಟಿಯಾಗಿರುವ ತಂದೆಯೋ ತಾಯಿಯೋ ಅರುವತ್ತು ದಾಟಿದ ಮೇಲೆ ಜೊತೆಯೊಂದನ್ನು ಬಯಸಿದರೆ ಏನು ಮಾಡುತ್ತೇವೆ?

ಪರಿಚಿತರೊಬ್ಬರು ರಕ್ತದೊತ್ತಡ ತೋರಿಸುವ ನೆಪದಲ್ಲಿ ನಮ್ಮ ಬಳಿ ಬಂದು ಮನಸ್ಸು ಬಿಚ್ಚಿದರು. ತಾಯಿ ತೀರಿಕೊಂಡ ಮೇಲೆ ಅವರ ತಂದೆ ಊರಿನ ಮನೆಯಲ್ಲಿ ಒಬ್ಬರೇ. ಪ್ರತಿ ಶುಕ್ರವಾರ ಮಗನ ಕರೆ: "ಊಟ ಆಯಿತೇ? ಮಾತ್ರೆ ತೆಗೆದುಕೊಂಡಿರಾ?" ಅಷ್ಟೇ. ಒಂದು ಶುಕ್ರವಾರ ತಂದೆ ಅಳುಕುತ್ತಲೇ ವಿಷಯ ತಿಳಿಸಿದರು. ಉಚಿತ ಜಾಲತಾಣವೊಂದರಲ್ಲಿ ಪರಿಚಯವಾದ ಮಹಿಳೆಗೆ ಚಿಕಿತ್ಸೆಗೆಂದು ನಲವತ್ತು ಸಾವಿರ ರೂಪಾಯಿ ಕಳುಹಿಸಿದ್ದರು. ಆಮೇಲೆ ಆಕೆಯ ಸುಳಿವೇ ಇಲ್ಲ. "ಅಪ್ಪನಿಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಡಾಕ್ಟ್ರೇ?" ಎಂದು ಮಗ ಕೇಳಿದರು. ಬೇಕಿತ್ತು, ಆದರೆ ಅವರು ಒಬ್ಬರೇ ಹುಡುಕುವಂತೆ ಆಗಬಾರದಿತ್ತು ಎಂದೆವು.

ಒಂಟಿತನವು ಮನಸ್ಸಿನ ಬೇಸರ ಮಾತ್ರವಲ್ಲ. 1969ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಅಧ್ಯಯನವೊಂದರಲ್ಲಿ 55 ವರ್ಷ ಮೇಲ್ಪಟ್ಟ 4,486 ವಿಧುರರನ್ನು ಗಮನಿಸಲಾಗಿತ್ತು. ಪತ್ನಿಯ ಮರಣಾನಂತರದ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣವು ಅದೇ ವಯಸ್ಸಿನ ವಿವಾಹಿತ ಪುರುಷರಿಗಿಂತ ಶೇಕಡಾ 40ರಷ್ಟು ಹೆಚ್ಚಿತ್ತು. ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ತಿಳಿಸಿತು. ಆದ್ದರಿಂದ ಹಿರಿಯರ ಈ ಬಯಕೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು 'ಉಚಿತ' ಎಂಬ ಮಾತಿನ ಅರ್ಥ. ವಿವಾಹ ಜಾಲತಾಣಗಳಲ್ಲಿ ಹೆಸರು ನೋಂದಣಿ ಸಾಮಾನ್ಯವಾಗಿ ಉಚಿತ. ಎದುರಿನವರ ದೂರವಾಣಿ ಸಂಖ್ಯೆ ಬೇಕೆಂದರೆ ಹಣ ಕೊಡಬೇಕು. ಸ್ನೇಹ ಬೆಳೆಸುವ ಡೇಟಿಂಗ್ ತಾಣಗಳಲ್ಲಿ ಆರಂಭದ ಬಳಕೆಗೆ ಶುಲ್ಕವಿಲ್ಲ. ಅವುಗಳ ಆದಾಯ ಜಾಹೀರಾತುಗಳಿಂದ ಮತ್ತು ಹೆಚ್ಚಿನ ಸೌಲಭ್ಯಗಳ ಮಾರಾಟದಿಂದ ಬರುತ್ತದೆ. ಶುಲ್ಕವಿಲ್ಲದ ಬಾಗಿಲು ಸಜ್ಜನರಿಗೆ ತೆರೆದಿರುವಂತೆಯೇ ವಂಚಕರಿಗೂ ತೆರೆದಿರುತ್ತದೆ. ಮೂರನೆಯದು ಸೇವಾಸಂಸ್ಥೆಗಳ ಮಾರ್ಗ. 2001ರ ಗುಜರಾತ್ ಭೂಕಂಪದ ಬಳಿಕ ಅಹಮದಾಬಾದಿನ ನಟುಭಾಯಿ ಪಟೇಲರು ಒಂಟಿ ಹಿರಿಯರಿಗಾಗಿ ಈ ಕೆಲಸವನ್ನು ಕೈಗೊಂಡರು. ಅವರ ಸಂಸ್ಥೆಯ ಹೆಸರೇ 'ವಿನಾ ಮೂಲ್ಯ ಅಮೂಲ್ಯ ಸೇವಾ', ಅಂದರೆ ಬೆಲೆಯಿಲ್ಲದೆ ಸಲ್ಲುವ ಬೆಲೆಕಟ್ಟಲಾಗದ ಸೇವೆ. ಅಲ್ಲಿ ಹಿರಿಯರು ಸಭೆ ಸೇರಿ ಮುಖಾಮುಖಿ ಮಾತನಾಡುತ್ತಾರೆ.

ಜಾಲತಾಣವನ್ನೇ ಆರಿಸುವುದಾದರೆ ಕೆಲವು ಅಂಶಗಳನ್ನು ಪರೀಕ್ಷಿಸಬೇಕು. ಮೊದಲನೆಯದಾಗಿ, ಬೇಕಾಗಿರುವುದು ವಿವಾಹವೋ ಸ್ನೇಹವೋ ಎಂಬುದನ್ನು ಹಿರಿಯರೇ ನಿರ್ಧರಿಸಿ ಅದಕ್ಕೊಪ್ಪುವ ತಾಣವನ್ನು ಹುಡುಕಬೇಕು. ಎರಡನೆಯದಾಗಿ, ಸದಸ್ಯರ ಗುರುತನ್ನು ತಾಣವು ಪರಿಶೀಲಿಸುತ್ತದೆಯೇ ಎಂದು ನೋಡಬೇಕು. ಮೂರನೆಯದಾಗಿ, ನಮ್ಮ ದೂರವಾಣಿ ಸಂಖ್ಯೆ ಮತ್ತು ಭಾವಚಿತ್ರಗಳನ್ನು ಮರೆಮಾಡಲು, ಬೇಡದವರನ್ನು ತಡೆಯಲು, ದೂರು ಸಲ್ಲಿಸಲು, ಬೇಡವಾದಾಗ ಖಾತೆಯನ್ನು ಪೂರ್ಣವಾಗಿ ಅಳಿಸಲು ಅವಕಾಶವಿರಬೇಕು. ನಾಲ್ಕನೆಯದಾಗಿ, ವಯಸ್ಸು, ಊರು, ಭಾಷೆಗಳ ಪ್ರಕಾರ ಹುಡುಕಲು ಬರಬೇಕು. ಉಚಿತ ಸದಸ್ಯತ್ವದಲ್ಲಿ ಇವು ದೊರೆಯದಿದ್ದರೆ ಅಲ್ಪ ಶುಲ್ಕ ತೆತ್ತು ಸುರಕ್ಷಿತ ತಾಣವನ್ನು ಸೇರುವುದೇ ಲೇಸು.

ವಂಚಕರ ರೀತಿ ಬಹುತೇಕ ಒಂದೇ. ಬೇಗನೆ ತಾಣದಿಂದ ವಾಟ್ಸಾಪಿಗೆ ಬರಲು ಒತ್ತಾಯಿಸುತ್ತಾರೆ. ವಾರದೊಳಗೆ ಪ್ರೀತಿಯ ಮಾತಾಡುತ್ತಾರೆ. ಮುಖತಃ ಭೇಟಿಯನ್ನು ಮುಂದೂಡುತ್ತಾರೆ. ಕೊನೆಗೆ ಆಸ್ಪತ್ರೆ, ಕಸ್ಟಮ್ಸ್ ಎಂದು ಹಣ ಕೇಳುತ್ತಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ 2022ರಲ್ಲಿ ಇಂತಹ ಸುಮಾರು 70,000 ದೂರುಗಳು ಬಂದವು. ನಷ್ಟ 130 ಕೋಟಿ ಡಾಲರು. ಹಣ ಕೇಳಿದ ದಿನವೇ ಮಾತು ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಭಾರತದಲ್ಲಿ 1930 ಸಂಖ್ಯೆಗೆ ಕರೆಮಾಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಕಡಿಮೆ. ಮೊದಲ ಭೇಟಿ ಹಗಲಿನಲ್ಲಿ, ಜನರಿರುವ ಸ್ಥಳದಲ್ಲಿ, ಮನೆಯವರೊಬ್ಬರ ತಿಳಿವಳಿಕೆಯಲ್ಲಿ ನಡೆಯಲಿ. ತಮ್ಮ ಕಾಯಿಲೆಗಳನ್ನೂ ಔಷಧಿಗಳನ್ನೂ ಇಬ್ಬರೂ ಮುಚ್ಚಿಡದೆ ಹೇಳಿಕೊಳ್ಳಲಿ.

ಮಕ್ಕಳ ವಿರೋಧಕ್ಕೆ ಹಲವು ವೇಳೆ ನಿಜವಾದ ಕಾರಣ ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮೃತನ ಪತ್ನಿ, ಮಕ್ಕಳೊಂದಿಗೆ, ಮೊದಲ ದರ್ಜೆಯ ವಾರಸುದಾರಳು. ಎರಡನೆಯ ವಿವಾಹದ ವಿಧವೆಗೂ ಇದು ಅನ್ವಯಿಸುತ್ತದೆ. ಸ್ವಯಾರ್ಜಿತ ಆಸ್ತಿಯ ಬಗ್ಗೆ ಮೊದಲೇ ಉಯಿಲು ಬರೆದಿಟ್ಟರೆ ಮುಂದಿನ ಜಗಳ ಬಹುಮಟ್ಟಿಗೆ ತಪ್ಪುತ್ತದೆ. ಮರುವಿವಾಹದಿಂದ ಕುಟುಂಬ ಪಿಂಚಣಿ ನಿಂತುಹೋಗಬಹುದು. ಅದನ್ನೂ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಆ ತಂದೆಯ ಹಣ ಮರಳಿ ಬರಲಿಲ್ಲ. ಆದರೆ ಈಗ ಶುಕ್ರವಾರಗಳಂದು ತಂದೆ ತಮಗೆ ಬಂದ ಪತ್ರಗಳನ್ನು ಮಗನಿಗೆ ಓದಿಹೇಳುತ್ತಾರೆ; ಮಗ ಕೇಳಿ ತಮ್ಮ ಅಭಿಪ್ರಾಯ ಹೇಳುತ್ತಾರೆ, ತೀರ್ಮಾನವನ್ನು ತಂದೆಗೇ ಬಿಡುತ್ತಾರೆ. ಒಮ್ಮೆ ನಮ್ಮ ವಿವಾಹಕ್ಕಾಗಿ ಹೆತ್ತವರು ಊರೂರು ಅಲೆದು ವಿಚಾರಿಸಿದ್ದರು. ಇಂದು ಅವರಿಗಾಗಿ ಅಷ್ಟೇ ಗೌರವದಿಂದ ವಿಚಾರಿಸುವ ಸರದಿ ನಮ್ಮದು. ಮುಂದಿನ ಶುಕ್ರವಾರ ಊಟ, ಮಾತ್ರೆಗಳ ಪ್ರಶ್ನೆ ಮುಗಿದ ಮೇಲೆ ಇನ್ನೊಂದನ್ನೂ ಕೇಳೋಣ: "ಅಪ್ಪಾ, ಮಾತನಾಡಲು ಯಾರಿದ್ದಾರೆ?"