ನೀಲಿ ಬಾಲದ ಹಾವುರಾಣಿ

ತೋಟದಲ್ಲಿ ತರಗೆಲೆ ಸರಿಸುವಾಗ ಮಿರಮಿರನೆ ಹೊಳೆಯುತ್ತ ಸರಸರ ಓಡುವ ಹಾವುರಾಣಿಯನ್ನು ನೀವು ನೋಡಿಯೇ ಇರುತ್ತೀರಿ. ಅದರ ಸಂಬಂಧಿಯೊಂದು ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿತ್ತು. ಜಾವಾದ ದಕ್ಷಿಣಕ್ಕಿರುವ ಈ ದ್ವೀಪ ಆಸ್ಟ್ರೇಲಿಯಾಕ್ಕೆ ಸೇರಿದ್ದು. ವಿಸ್ತೀರ್ಣ ಕೇವಲ 135 ಚದರ ಕಿಲೋಮೀಟರ್. ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಾಣಿ ಇರಲಿಲ್ಲ.

ಕಪ್ಪು ಮೈ, ಅದರ ಮೇಲೆ ತಿಳಿಹಳದಿ ಗೆರೆಗಳು, ಕಣ್ಣು ಕುಕ್ಕುವಂಥ ನೀಲಿ ಬಾಲ. ಇಷ್ಟು ಚಿಕ್ಕ ಜೀವಿಗೆ ಇಂಥ ಆಡಂಬರ ಏಕೆಂದು ಕೇಳುತ್ತೀರಾ? ಹಸಿದ ಹಕ್ಕಿಯ ದೃಷ್ಟಿ ತಲೆಯ ಮೇಲೆ ಬೀಳದೆ ಬಾಲದ ಮೇಲೆ ಬೀಳಲಿ ಎಂದು! ಕಚ್ಚಿದರೆ ಬಾಲ ಕಳಚಿ ಬೀಳುತ್ತದೆ, ವಿಲವಿಲನೆ ಒದ್ದಾಡುತ್ತದೆ. ಅಷ್ಟರಲ್ಲಿ ಒಡೆಯ ಪರಾರಿ. ಮುಂದೆ ಹೊಸ ಬಾಲ ಬೆಳೆಯುತ್ತದೆ. ಆದರೆ ಅದರೊಳಗೆ ಮೂಳೆಯ ಬದಲು ಮೃದ್ವಸ್ಥಿಯ ಕಡ್ಡಿ ಇರುತ್ತದೆ.

ಈ ಉಪಾಯ ಹಗಲಿನಲ್ಲಿ, ಕಣ್ಣಿನಿಂದ ಬೇಟೆಯಾಡುವ ಶತ್ರುವಿಗೆ ಸರಿ. 1980ರ ದಶಕದಲ್ಲಿ ಬಂದ ಶತ್ರುವೇ ಬೇರೆ. ಹಡಗಿನ ಸರಕಿನೊಡನೆ ಏಷ್ಯಾದ ತೋಳಹಾವು ದ್ವೀಪಕ್ಕೆ ಇಳಿಯಿತು. ನಮ್ಮ ಮನೆಗಳ ಸಂದುಗಳಲ್ಲಿ ಹಲ್ಲಿ ಹಿಡಿಯುವ ತೋಳಹಾವಿಗೆ ಅದು ಹತ್ತಿರದ ನೆಂಟ. ಅದು ಸಂಚರಿಸುವುದು ರಾತ್ರಿ. ಹಾವುರಾಣಿ ಮಲಗುವುದೂ ರಾತ್ರಿ. ಕತ್ತಲಲ್ಲಿ ನೀಲಿಯೇನು, ಕೆಂಪೇನು? ಪರದೇಶದಿಂದ ಬಂದ ಇರುವೆ, ಜರಿಗಳ ಮೇಲೂ ಅನುಮಾನವಿದೆ. ಆದರೆ ಮುಖ್ಯ ಅಪರಾಧಿ ಈ ಹಾವೇ ಎಂಬುದು ಈಗಿನ ಅಧ್ಯಯನಗಳ ಒಲವು.

ದ್ವೀಪದಾದ್ಯಂತ ಸಾಮಾನ್ಯವಾಗಿದ್ದ ಈ ಹಾವುರಾಣಿ ಮೂರು ದಶಕಗಳೊಳಗೆ ಕಾಣೆಯಾಯಿತು. 2009-10ರಲ್ಲಿ ಉದ್ಯಾನ ಸಿಬ್ಬಂದಿ ಉಳಿದಿದ್ದವುಗಳಲ್ಲಿ 66ನ್ನು ಹಿಡಿದು ತಂದರು. 2010ರ ನಂತರ ಕಾಡಿನಲ್ಲಿ ಅದು ಯಾರಿಗೂ ಕಂಡಿಲ್ಲ.

ಹಿಡಿದದ್ದು ಸರಿಯೇ ಎಂದು ಸಂಶಯಪಡುವವರು ಅದೇ ದ್ವೀಪದ ಕಾಡು ಹಾವುರಾಣಿಯ ಕಥೆ ಕೇಳಬೇಕು. ಅದರಲ್ಲಿ ಸಿಕ್ಕಿದ್ದು ಮೂರೇ ಮೂರು, ಮೂರೂ ಹೆಣ್ಣು! ಗಂಡು ಹುಡುಕಿ ಹುಡುಕಿ ಸೋತರು. ಗಂಪ್ ಎಂಬ ಹೆಸರಿನ ಕೊನೆಯ ಹೆಣ್ಣು 2014ರ ಮೇ ತಿಂಗಳಲ್ಲಿ ಸತ್ತಿತು. ಅಲ್ಲಿಗೆ ಆ ಪ್ರಭೇದವೇ ಮುಗಿಯಿತು.

ನೀಲಿ ಬಾಲದ್ದು ಮಾತ್ರ ದ್ವೀಪದ ಗೂಡುಗಳಲ್ಲೂ ಸಿಡ್ನಿಯ ಟರೋಂಗಾ ಮೃಗಾಲಯದಲ್ಲೂ ಮರಿಮಾಡಿ ಸಾವಿರ ದಾಟಿತು. ನಡುವೆ ತಲೆಯನ್ನು ವಿಕಾರಗೊಳಿಸುವ ಬ್ಯಾಕ್ಟೀರಿಯಾ ರೋಗವೂ ಕಾಡಿತು. ತವರಿಗೆ ಬಿಡೋಣವೆಂದರೆ ಅಲ್ಲಿ ತೋಳಹಾವು ಇನ್ನೂ ಇದೆ. ಆದ್ದರಿಂದ 2019ರಲ್ಲಿ ಸುಮಾರು 300 ಹಾವುರಾಣಿಗಳನ್ನು ಸಾವಿರ ಕಿಲೋಮೀಟರಿನಷ್ಟು ದೂರದ ಕೋಕೋಸ್ ದ್ವೀಪಗಳಿಗೆ ಒಯ್ದು, ತೋಳಹಾವಿಲ್ಲದ ಪುಲು ಬ್ಲಾನ್ ಎಂಬ ಪುಟ್ಟ ನಡುಗಡ್ಡೆಯಲ್ಲಿ ಬಿಟ್ಟರು.